ಸಂಡಿಗೆ ಕಾಯುವ ನೆರಳು

ಕಚೇರಿಗೆ ನೆರಳನ್ನು ಕಳಿಸಿದರೂ ಸಾಕು ಎಂಬ ನಿಯಮ ಬಂದ ಮರುದಿನವೇ ನಾನು ನನ್ನದನ್ನು ಎಂಟೂಕಾಲರ ಬಸ್ಸು ಹತ್ತಿಸಿದೆ. ಅದು ನನ್ನ ಕುರ್ಚಿಯಲ್ಲಿ ಕೂತು ಶಶಿರೇಖಾ ಮೇಡಂ ಅವರ ಚುಚ್ಚುಮಾತು ಕೇಳಿಸಿಕೊಳ್ಳುತ್ತಿತ್ತು. ನಾನು ಮನೆಯಲ್ಲಿ ಹಾಯಾಗಿ ಲ್ಯಾಪ್‌ಟಾಪ್ ಕುಟ್ಟುತ್ತಿದ್ದೆ.

ತೊಂದರೆ ಒಂದೇ. ನೆರಳಿಲ್ಲದವರಿಗೆ ಕಾಗೆಗಳು ಹೆದರುವುದಿಲ್ಲ. ತಾರಸಿಯ ಮೇಲೆ ನಾನು ಕೋಲು ಹಿಡಿದು ಕೂತಿದ್ದರೂ ಅತ್ತೆ ಇಟ್ಟ ಸಂಡಿಗೆ ಅರ್ಧ ಮಾಯ.

"ನೀನು ಕೂತು ಏನು ಬಂತು?" ಎಂದು ಅತ್ತೆ ದಿನವೂ ಗೊಣಗುತ್ತಿದ್ದರು.

ನಿನ್ನೆ ಸಂಜೆ ಕಚೇರಿಯಿಂದ ಬಂದ ನೆರಳು ಹೊಸ್ತಿಲಲ್ಲೇ ಕುಸಿದು ಕೂತಿತು. "ಆ ಗುಂಪುಗಾರಿಕೆ ನನ್ ಕೈಲಾಗಲ್ಲ. ನಾಳೆಯಿಂದ ನೀನೇ ಹೋಗು, ನಾನು ಮನೇಲಿರ್ತೀನಿ."

"ಅದ್ಹೇಗಾಗತ್ತೆ? ಅತ್ತೆ, ನೀವೇ ಹೇಳಿ!" ಎಂದೆ. ಅವರು ಮನೆಯವಳಾದ ನನ್ನ ಪರವೇ ನಿಲ್ಲುತ್ತಾರೆಂದು ನಂಬಿದ್ದೆ.

ಅತ್ತೆ ನೆರಳನ್ನೇ ಸ್ವಲ್ಪ ಹೊತ್ತು ನೋಡಿದರು. "ಪಾಪ, ಸೊರಗಿ ಹೋಗಿದೆ. ಇರ್ಲಿ ಬಿಡೇ."

ಇವತ್ತು ಎಂಟೂಕಾಲರ ಬಸ್ಸಿನಲ್ಲಿ ನಾನಿದ್ದೇನೆ. ಕಿಟಕಿಯಿಂದ ನಮ್ಮ ತಾರಸಿ ಕಾಣುತ್ತಿದೆ. ಅತ್ತೆಯೂ ನನ್ನ ನೆರಳೂ ಒಂದೇ ಪಾತ್ರೆಯಿಂದ ಸಂಡಿಗೆ ಹಿಟ್ಟು ನೆಕ್ಕುತ್ತಾ ತಲೆಗೆ ತಲೆ ಕೊಟ್ಟು ಪಿಸುಗುಡುತ್ತಿದ್ದಾರೆ. ನನ್ನ ಬಗ್ಗೆಯೇ ಇರಬೇಕು. ಒಂದು ಕಾಗೆಯೂ ಅತ್ತ ಸುಳಿಯುತ್ತಿಲ್ಲ.