ಹಿತ್ತಲಿನ ಕೆಮ್ಮು

ಮಗ್ಗದ ಸದ್ದು ಇನ್ನೂ ಕೇಳಿಸಿರಲಿಲ್ಲ. ಓಣಿಯ ತಿರುವಿನಲ್ಲಿ ನಿಂತ ಗೋವಿಂದಯ್ಯ ಕಿವಿ ನಿಮಿರಿಸಿದ. ಐವತ್ತೆಂಟರ ಗಂಡಸು, ತನ್ನದೇ ಮನೆಯಿಂದ ಕಳ್ಳನ ಹಾಗೆ ಹೊರಬಿದ್ದಿದ್ದ. ಹೇಳಿದ ಹೊತ್ತು ಮೀರುತ್ತಿತ್ತು. ಕಡೆಗೂ ಟಕ್, ಟಕ್ ಎಂದು ಲಾಳಿ ಓಡಿತು. ಸದ್ಯ, ಚೌಡೇಶ ಬಂದು ಕೂತ! ಗೋವಿಂದಯ್ಯ ಪಂಚೆ ಎತ್ತಿ ಕಟ್ಟಿ ಆಟದ ಬಯಲಿನತ್ತ ನಡೆದ.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಬಾಲ್ ಬ್ಯಾಡ್ಮಿಂಟನ್ ಅಂದರೆ ಗೋವಿಂದಯ್ಯ ಅನ್ನುವ ಕಾಲವೊಂದಿತ್ತು. ಮಂಡಿ ಸವೆದು ಆಟ ನಿಂತಿತು. ಹೋದ ವರ್ಷ, ೧೯೭೮ರಲ್ಲಿ, ಮದರಾಸಿನ ಡಾಕ್ಟರೊಬ್ಬರು ಮಂಡಿ ಕೊಯ್ದು ಲೋಹದ ಕೀಲು ಕೂರಿಸಿದರು. ಅಂಥದ್ದನ್ನು ಕಂಡು ಕೇಳಿರದ ಬೀದಿಯವರೆಲ್ಲ ಬಂದು ಮಂಡಿ ಮುಟ್ಟಿ ನೋಡಿಹೋದರು. “ನಡೆಯಿರಿ, ಮಗ್ಗ ತುಳಿಯಿರಿ. ನಿಂತಲ್ಲೇ ನಿಂತು ಆಡುವುದಾದರೆ ಆಡಿ. ಓಡಬೇಡಿ,” ಅಂದಿದ್ದರು ಡಾಕ್ಟರು. ಹೆಂಡತಿ ವಸಂತಮ್ಮನ ಕಿವಿಗೆ ಕಡೆಯ ಮಾತು ಮಾತ್ರ ಬಿದ್ದಿತ್ತು.

“ನಾಕು ತಿಂಗ್ಳು ಎತ್ತಿ ಕೂರ್ಸಿದೀನಿ. ಇನ್ನೊಂದ್ಸಲ ಬಿದ್ರೆ ನನ್ ಕೈಲಾಗಲ್ಲ ಕಣ್ರಿ,” ಎಂದು ಅವಳು ಬ್ಯಾಟನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು.

ಇನ್ನು ಹನ್ನೊಂದು ದಿನಕ್ಕೆ ಯಳಂದೂರಿನ ತಂಡ ಬರುವುದಿತ್ತು. ಒಂದೇ ಒಂದು ಪಂದ್ಯ. ತಾನಿನ್ನೂ ಆಟಗಾರನೋ ಬರೀ ರೋಗಿಯೋ ಅನ್ನುವುದು ಗೋವಿಂದಯ್ಯನಿಗೆ ಗೊತ್ತಾಗಲೇಬೇಕಿತ್ತು. ಬ್ಯಾಟು ಯಾರದಾದರೂ ಸಿಗುತ್ತದೆ. ಆದರೆ ಹಿಂದಿನ ಕೋಣೆಯ ಮಗ್ಗ ಸುಮ್ಮನಾದರೆ, ಮುಂದಿನ ಜಗಲಿಯಲ್ಲಿ ಕಂಡಿಕೆಗೆ ನೂಲು ಸುತ್ತುವ ವಸಂತಮ್ಮ ಎದ್ದು ಬರುತ್ತಾಳೆ. ಆ ಮನೆಯಲ್ಲಿ ಹೆಂಗಸರದು ನೂಲು ಸುತ್ತುವ ಕೆಲಸ. ಕೂತು ತುಳಿಯುವ ಮಗ್ಗದ ಗುಂಡಿಗೆ ಅವರು ಇಳಿಯುವ ರೂಢಿಯಿರಲಿಲ್ಲ.

ಅದಕ್ಕೇ ಹಳೆಯ ಜೊತೆಗಾರ, ನೇಕಾರ ಚೌಡೇಶನನ್ನು ಒಪ್ಪಿಸಿದ್ದ. ಗೋವಿಂದಯ್ಯ ಹಿತ್ತಲಿನಿಂದ ಹೊರಟ ಮೇಲೆ ಚೌಡೇಶ ಪಕ್ಕದ ಸಂದಿಯಿಂದ ಬಂದು ನೇಯಬೇಕು. ಹಿತ್ತಲಲ್ಲಿ ಕೆಮ್ಮು ಕೇಳಿದೊಡನೆ ಹಾಗೇ ಜಾರಿಕೊಳ್ಳಬೇಕು.

ಉಪಾಯ ಫಲಿಸಿತು. ದಿನಾ ಸಂಜೆ ಕೆಮ್ಮಿ ಒಳಗೆ ಬಂದರೆ ಗುಂಡಿ ಖಾಲಿ, ನೂಲು ಮಾತ್ರ ಇನ್ನೂ ಅಲುಗುತ್ತಿರುತ್ತಿತ್ತು. ಚೌಡೇಶನ ಕಾಲು ನಿಧಾನ. ಆದರೆ ಅಂಚು ಎಷ್ಟು ನೀಟು! ಇಷ್ಟು ವರ್ಷ ಇವನ ಕೈಚಳಕ ತನಗೆ ತಿಳಿಯಲಿಲ್ಲವಲ್ಲ ಎಂದು ಗೋವಿಂದಯ್ಯ ಹೊಟ್ಟೆಕಿಚ್ಚುಪಟ್ಟ.

ವಸಂತಮ್ಮ ಕೇಳದೆಯೇ ಬಿಸಿನೀರು ತಂದಿಡುತ್ತಿದ್ದಳು. ಅವಳ ಹಣೆಯ ತುಂಬ ಬೆವರು.

“ಮಗ್ಗ ತುಳ್ದು ತುಳ್ದು ಕಾಲು ನೋಯಲ್ವಾ?” ಅಂದಳು ಒಂದು ದಿನ.

“ಅಭ್ಯಾಸ ಆಗ್ಬೇಕು ಅಷ್ಟೆ,” ಅಂದ ಗೋವಿಂದಯ್ಯ, ಮುಖ ತೊಳೆಯುವ ನೆಪದಲ್ಲಿ ಬೇರೆಡೆ ನೋಡುತ್ತ.

“ಊಂ. ಅಭ್ಯಾಸ ಆಗ್ಬೇಕು,” ಎಂದು ಅವಳು ತನ್ನ ಊದಿದ ಪಾದಕ್ಕೆ ಎಣ್ಣೆ ತಿಕ್ಕಿಕೊಂಡಳು. ಗೋವಿಂದಯ್ಯನಿಗೆ ಅವಳ ಹತ್ತಿರ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಪಂದ್ಯದ ಭಾನುವಾರ ಬಂತು. ಗೋವಿಂದಯ್ಯ ಹಿಂದಿನ ಸಾಲಿನಲ್ಲಿ ಕಂಬ ನೆಟ್ಟಂತೆ ನಿಂತ. ಹಳದಿ ಉಣ್ಣೆಚೆಂಡು ಬಂದಲ್ಲೆಲ್ಲ ಬ್ಯಾಟು ಚಾಚಿದ. ಮೂರನೆಯ ಆಟದ ಕೊನೆಯ ಚೆಂಡನ್ನು ಯಳಂದೂರಿನವರ ಕಾಲ ಬುಡಕ್ಕೇ ಹಾಕಿದ. ಗೆದ್ದರು. ಮಂಡಿ ನೋಯಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಸಂತೋಷದಲ್ಲಿ ಬಸ್ ಸ್ಟ್ಯಾಂಡು ದಾಟುವಾಗ ಎದುರಿಗೇ ಚೌಡೇಶ! ತಲೆ ಬೋಳು, ಕಂಕುಳಲ್ಲಿ ಬಟ್ಟೆಗಂಟು.

“ಲೇ ಚೌಡೇಶ, ಮಗ್ಗ ಬಿಟ್ಟು ಇಲ್ಲೇನ್ಲಾ?”

“ಯಾವ ಮಗ್ಗ ಗೋವಿಂದಣ್ಣ? ನಾವು ಮಾತಾಡಿದ ಮಾರನೇ ಬೆಳಿಗ್ಗೇನೇ ಸುದ್ದಿ ಬಂತು, ಗೋಪಿನಾಥದಲ್ಲಿ ಅಣ್ಣ ತೀರ್ಕಂಡ ಅಂತ. ತಿಥಿ ಮುಗಿಸ್ಕಂಡು ಈಗ ಬಸ್ಸಿಳಿದೆ. ನೀನು ಮನೇಲಿರ್ಲಿಲ್ಲ, ವಸಂತಕ್ಕಂಗೆ ಎಲ್ಲಾ ಏಳಿ ಓಗಿದ್ನಲ್ಲ. ಅಕ್ಕ ನಿಂಗೆ ಏಳ್ಲಿಲ್ವಾ?”

ಗೋವಿಂದಯ್ಯ ಡಾಕ್ಟರ ಮಾತು ಮರೆತು ಓಣಿಯುದ್ದಕ್ಕೂ ದಾಪುಗಾಲು ಹಾಕಿದ. ಹಿತ್ತಲಿಗೆ ಬಂದಾಗಲೂ ಮಗ್ಗ ಟಕ್, ಟಕ್ ಅನ್ನುತ್ತಲೇ ಇತ್ತು. ಬಾಗಿಲು ತಳ್ಳಿದ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗ್ಗದ ಗುಂಡಿಯಲ್ಲಿ ಕೂತಿದ್ದ ವಸಂತಮ್ಮ ಲಾಳಿ ನಿಲ್ಲಿಸದೆ ಅಂದಳು: “ಇವತ್ತು ಕೆಮ್ಮೋದು ಮರ್ತುಬಿಟ್ರಾ? ಅದಿರ್ಲಿ, ಗೆದ್ರಾ?”