ನಡುವಿನ ಕೊಂಬೆ

ಪಾರ್ಕಿನ ಮಾಲಿ ಗವಿಯಪ್ಪ ಎರಡು ಗೋಣಿ ಮರಗಳನ್ನು ಎಳೆಯವಾಗಿದ್ದಾಗಲೇ ಬಗ್ಗಿಸಿ, ಕೊಂಬೆಗೆ ಕೊಂಬೆ ಹೆಣೆದು, ಜೀವಂತ ಬೆಂಚನ್ನೇ ಬೆಳೆಸಿದ್ದ. ನೋಡಲು ಊರೇ ಬಂತು. ಕೂರಲು ಮಾತ್ರ ದಿನಾ ಸಂಜೆ ಅದೇ ಹುಡುಗ, ಅದೇ ಹುಡುಗಿ ಬರುತ್ತಿದ್ದರು. ಇಬ್ಬರ ನಡುವೆ ಗಾಳಿಗೂ ಜಾಗವಿರುತ್ತಿರಲಿಲ್ಲ.

ಬಡಾವಣೆ ಸಂಘದ ಅಧ್ಯಕ್ಷರ ಕಣ್ಣು ಕೆಂಪಾಯಿತು. "ಏನಯ್ಯಾ ಇದು, ಸಂಸಾರಸ್ಥರು ಓಡಾಡೋ ಜಾಗ! ಬೆಂಚಿನ ಮಧ್ಯೆ ಅಡ್ಡಲಾಗಿ ಒಂದು ಕೊಂಬೆ ಎಬ್ಬಿಸು."

"ಮರ ಸ್ವಾಮಿ, ನಿಧಾನಕ್ಕೆ ಬೆಳೀತದೆ."

"ಬೆಳೀಲಿ. ನಿನ್ನ ಕೆಲಸ ಇರಬೇಕೋ ಬೇಡವೋ?"

ಗವಿಯಪ್ಪ ಬೆಂಚಿನ ನಡುವೆ ಒಡೆದ ಚಿಗುರೊಂದನ್ನು ಕೋಲಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿದ. ಆದರೆ ಆ ಜೋಡಿಯ ಮುಖ ನೋಡಿದಾಗಲೆಲ್ಲ ಕದ್ದು ಅದರ ತುದಿ ಚಿವುಟಿಬಿಡುತ್ತಿದ್ದ. ಎಷ್ಟು ಚಿವುಟಿದರೂ ಅದು ಬೆಳೆದೇಬಿಟ್ಟಿತು. ಜೋಡಿ ಬರುವುದು ನಿಂತುಹೋಯಿತು. ಇಬ್ಬರನ್ನು ಅಗಲಿಸಿದ ಪಾಪ ತನ್ನದೇ ಎಂದು ಗವಿಯಪ್ಪ ಒಳಗೊಳಗೇ ಕೊರಗಿದ.

ಕೆಲವು ವರ್ಷಗಳ ಮೇಲೆ ಒಂದು ಸಂಜೆ ಅದೇ ಇಬ್ಬರು ಬಂದರು. ಅವಳ ಕೊರಳಲ್ಲಿ ತಾಳಿ, ಅವನ ಹೆಗಲ ಮೇಲೆ ಮಗು. ಕೊಂಬೆಯ ಆ ಕಡೆ ಅವನು, ಈ ಕಡೆ ಅವಳು ಕೂತರು. ಗವಿಯಪ್ಪನ ಕಣ್ಣು ತುಂಬಿತು. ಗರಗಸ ಹಿಡಿದು ಓಡಿ ಬಂದ.

"ಆವತ್ತು ತಪ್ಪಾಯ್ತು ಕಣವ್ವ. ಒಂದ್ನಿಮಿಷ ಏಳಿ, ಈ ಕೊಂಬೆ ತೆಗೆದೇಬಿಡ್ತೀನಿ."

"ಅಯ್ಯೋ, ಬೇಡ ಗವಿಯಣ್ಣ!" ಅವಳು ಕೊಂಬೆಯನ್ನು ಅಪ್ಪಿಕೊಂಡಳು. "ಆಗೋದಾದ್ರೆ ಇನ್ನೊಂದಿಷ್ಟು ಎತ್ತರಕ್ಕೆ ಬೆಳೆಸಿ. ಇವರ ಮುಖ ಇನ್ನೂ ಕಾಣ್ತದೆ."