ನಕ್ಷೆಯಲ್ಲಿಲ್ಲದ ಮನೆ

"ಇಲ್ಲಿ ಮನೆಯೇ ಇಲ್ವಲ್ಲಮ್ಮ," ಎಂದರು ಅಧ್ಯಕ್ಷರು, ಗೋಡೆಯ ಮೇಲಿನ ನಕ್ಷೆಗೆ ಬೆರಳು ಕುಟ್ಟಿ. "ಬಟಾಬಯಲು. ಅದಕ್ಕೇ ಬಸ್ ನಿಲ್ದಾಣಕ್ಕೆ ಬಿಟ್ಟಿರೋದು."

"ಹಾಗಾದ್ರೆ ಬೆಳಿಗ್ಗೆ ನಾನು ಕಸ ಗುಡಿಸಿದ್ದು ಎಲ್ಲಿ ಸ್ವಾಮಿ?" ಎಂದಳು ಎದುರು ನಿಂತಿದ್ದ ಹೆಂಗಸು.

ಸಭಾಂಗಣ ಗೊಳ್ಳೆಂದು ನಕ್ಕಿತು. ವೇದಿಕೆಯ ತುದಿಯಲ್ಲಿದ್ದ ಸರ್ವೇಯರ್ ಮಾತ್ರ ನಗಲಿಲ್ಲ. ನಕ್ಷೆ ಅವನದು. ಬಡಾವಣೆಯ ಹೊಸ ಯೋಜನೆಗೆ ಆಕ್ಷೇಪಣೆ ಕೇಳುವ ಕೊನೆಯ ದಿನವದು. ಸಂಜೆ ಅಧ್ಯಕ್ಷರ ಸಹಿ ಬಿದ್ದರೆ ಮುಗಿಯಿತು, ನಕ್ಷೆಯಲ್ಲಿಲ್ಲದ ಮನೆ ನೆಲದ ಮೇಲೂ ಇರುವಂತಿಲ್ಲ.

ಈ ಕೆಲಸವನ್ನು ಅವನು ಕೈಕಾಲು ಹಿಡಿದು ಪಡೆದಿದ್ದ. ಹಿಂದಿನ ಸರ್ವೇಯರ್ ಇದೇ ಬಡಾವಣೆಯಲ್ಲಿ ಸ್ವಂತ ಮನೆಯಿದ್ದದ್ದನ್ನು ಮುಚ್ಚಿಟ್ಟು ಸಿಕ್ಕಿಬಿದ್ದಿದ್ದ. ಅಳೆಯುವವನಿಗೆ ಅಲ್ಲಿ ಮನೆಯಿರಬಾರದೆಂಬ ನಿಯಮ ನಿಯಮವೇ, ಅವನನ್ನು ಕೆಲಸದಿಂದಲೇ ಕಿತ್ತುಹಾಕಿದರು. ಅಂಥದ್ದೇನೂ ತನಗಿಲ್ಲವೆಂದು ಇವನು ಬರೆದುಕೊಟ್ಟ. ಎಂಬತ್ತಡಿ ರಸ್ತೆ ಈ ಹೆಂಗಸಿನ ಬೀದಿಯನ್ನು ಬಿಟ್ಟು ಹಿಂದಿನ ಬೀದಿಗೆ ಸರಿದದ್ದು ಇವನ ಸಲಹೆಯಿಂದಲೇ. ಸದ್ಯ ಬೀದಿ ಉಳಿಯಿತು ಎನ್ನುವಷ್ಟರಲ್ಲಿ ಮೇಲಿನವರ ಕಣ್ಣು ನಕ್ಷೆಯ ಖಾಲಿ ಜಾಗದ ಮೇಲೆ ಬಿತ್ತು.

"ಕಾಗದಪತ್ರ ಎಲ್ಲಿ?"

"ಯಜಮಾನ್ರ ಹತ್ರ ಇದೆ."

"ಅವರನ್ನೇ ಕಳಿಸಬೇಕಿತ್ತು."

"ಅವರು ಡ್ಯೂಟಿಲಿದಾರೆ. ಮನೆ ವಿಷಯಕ್ಕೆ ಬಾಯಿ ಬಿಡೋ ಆಸಾಮಿ ಅಲ್ಲ."

ಅಧ್ಯಕ್ಷರು ಸರ್ವೇಯರನತ್ತ ತಿರುಗಿದರು. "ಏನ್ರೀ, ಜಾಗಕ್ಕೆ ಹೋಗಿದ್ರೋ, ಇಲ್ಲಾ ಕೂತಲ್ಲೇ ಗೆರೆ ಎಳೆದ್ರೋ?"

"ದಿನಾ ಹೋಗ್ತಿದ್ದೆ ಸರ್."

"ಮನೆ ಇತ್ತೋ, ಇರಲಿಲ್ವೋ?"

ಇತ್ತು ಎಂದರೆ ಸುಳ್ಳು ನಕ್ಷೆ ಬರೆದದ್ದಕ್ಕೆ ಕೆಲಸ ಹೋಗುತ್ತದೆ. ಇರಲಿಲ್ಲ ಎಂದರೆ ಈಕೆ ಬೀದಿಗೆ ಬೀಳುತ್ತಾಳೆ. ಜೇಬಿನೊಳಗಿನ ಅವನ ಕೈ ಏನನ್ನೋ ಬಿಗಿಯಾಗಿ ಹಿಡಿಯಿತು.

"ಇರಲಿಲ್ಲ ಸರ್."

ಹೆಂಗಸು ಅವನನ್ನೇ ನೋಡಿದಳು. ಆ ನೋಟ ತಡೆಯಲಾಗದೆ ಅವನು ತಲೆ ತಗ್ಗಿಸಿದ.

"ಹತ್ತು ನಿಮಿಷದ ದಾರಿ," ಅಧ್ಯಕ್ಷರು ಎದ್ದರು. "ನಡೀರಿ, ನೋಡೇಬಿಡೋಣ."

ಬೀದಿಯ ತಿರುವಿನಲ್ಲಿ ಕೇಬಲ್ಲೊಂದು ಜೋತುಬಿದ್ದಿತ್ತು. ಮುಂದಿದ್ದ ಸರ್ವೇಯರ್ ಕತ್ತೆತ್ತದೆಯೇ ಬಗ್ಗಿ ದಾಟಿದ. ಹಿಂದೆ ಬಂದ ಅಧ್ಯಕ್ಷರ ಹಣೆಗೆ ಅದು ಸರಿಯಾಗಿ ಬಡಿಯಿತು.

ಮನೆ ಇತ್ತು. ಮಾಸಿದ ಹಳದಿ ಗೋಡೆ, ಎರಡು ಮೆಟ್ಟಿಲು, ಕಿಟಕಿಯಲ್ಲಿ ಒಣಗಹಾಕಿದ ಟವೆಲ್ಲು, ಬಾಗಿಲಿಗೆ ಬೀಗ.

"ಅಂದ್ರೆ ಸರ್ವೇ ಆದ್ಮೇಲೆ ಕಟ್ಟಿದ್ದು," ಅಧ್ಯಕ್ಷರು ಹಣೆ ಉಜ್ಜಿಕೊಂಡರು. "ಅಕ್ರಮ. ನಾಳೆಯೇ ಕೆಡವಿಸ್ತೀನಿ. ಅಲ್ವೇನ್ರೀ ಸರ್ವೇಯರ್?"

ಸರ್ವೇಯರ್ ಗೋಡೆ ನೋಡುತ್ತ ನಿಂತ. ತಲೆ ತಾನಾಗಿಯೇ ಹೌದೆಂದು ಆಡಿತು.

"ಬೀಗ ತೆಗೀರಮ್ಮ. ಒಳಗಡೆ ಏನೇನಿದೆ ನೋಡೋಣ."

"ಬೀಗದಕೈ ನನ್ನ ಹತ್ರ ಇಲ್ಲ."

"ಮತ್ತೆ ಇದು ನಿಮ್ಮ ಮನೆ ಹೇಗಾಯ್ತು?"

ಹೆಂಗಸು ಸರ್ವೇಯರನ ಮುಂದೆ ಬಂದು ಕೈ ಚಾಚಿದಳು.

"ಕೊಡ್ರೀ. ಬೆಳಿಗ್ಗೆ ನಮ್ಮನೆ ಬಾಗಿಲು ಹಾಕಿ ಬೀಗದಕೈ ಜೇಬಿಗಿಳಿಸ್ಕೊಂಡು ಬಂದೋರು ನೀವೇ ತಾನೇ?"